ಪರೀಕ್ಷೆ ಮುಗಿಯಲಿ

ಮೋಹಿನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಮುಂಬಯಿ ಹೊರವಲಯದ ಡೊಂಬಿವಲಿಯ ಆ ಹೌಸಿಂಗ್ ಸೊಸೈಟಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಗಡಿಬಿಡಿಯಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದವಳು, ಟಿ.ಸಿ. ಇನ್ನೂ ಆಚೆ ಬಾಗಿಲಲ್ಲಿರುವಾಗಲೇ ಎದ್ದು ನಿಂತು "ನನ್ನದು ಸೆಕೆಂಡ್ ಕ್ಲಾಸ್ ಪಾಸು" ಎಂದು ತಾನಾಗಿ ಒಪ್ಪಿಸಿಬಿಟ್ಟಿದ್ದಳು. ಮನೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಚ್ಚಿಕೊಡುವುದು ಅವಳ ಕಸುಬು. ತಂದ ಸೀರೆಯನ್ನು ಹೆಗಲ ಮೇಲೆ ಹರಡಿಕೊಂಡು "ಹೇಗಿದೆ?" ಎಂದು ಕೇಳಿದ ಗಿರಾಕಿಗೆ "ನಿಮ್ಮ ಮೈಬಣ್ಣಕ್ಕೆ ಒಪ್ಪುವುದಿಲ್ಲ" ಎಂದು ಹೇಳಿ ಆ ಗಿರಾಕಿಯನ್ನೇ ಕಳೆದುಕೊಂಡವಳು. ಗಂಡ ದೇಜಪ್ಪ, "ನಿನ್ನನ್ನು ಒಂದು ದಿನ ಕ್ಯಾಂಟೀನಿನ ಗಲ್ಲಾಪೆಟ್ಟಿಗೆ ಮುಂದೆ ಕೂರಿಸಿದ್ರೆ ಸಾಕು ಮಾರಾಯ್ತಿ, ಚಟ್ನಿ ನಿನ್ನೆಯದ್ದು ಅಂತ ನೀನೇ ಕರೆದು ಹೇಳ್ತಿ" ಎಂದು ನಗುತ್ತಿದ್ದ.

ದೇಜಪ್ಪನದು ಬೇಲಾಪುರದ ಒಂದು ಕಚೇರಿಯ ಕ್ಯಾಂಟೀನು. ಮೂಲ್ಕಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಠಾಣೆಯ ಹೋಟೆಲಿನಲ್ಲಿ ಟೇಬಲ್ ಒರೆಸಿ ಮೆಲ್ಲಗೆ ಮೇಲೆ ಬಂದವನು. ಒಬ್ಬಳೇ ಮಗಳು ಪ್ರೇಕ್ಷಾ. ರಜೆಯಲ್ಲಿ ಅಪ್ಪನ ಜೊತೆ ಕ್ಯಾಂಟೀನಿಗೆ ಹೋಗಿ, ವಡೆಯ ಬೆಲೆ ಏರಿಸಿದ ದಿನ ಯಾರು ವಡೆ ಬಿಟ್ಟು ಇಡ್ಲಿಗೆ ಹೋದರು, ಯಾರು ಗೊಣಗುತ್ತಲೇ ವಡೆ ತಿಂದರು ಎಂದು ನೋಡುತ್ತ ಕೂರುತ್ತಿದ್ದ ಹುಡುಗಿ ಮುಂದೆ ಓದಿದ್ದೂ ಅದನ್ನೇ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಇಲಾಸ್ಟಿಸಿಟಿ ಎನ್ನುತ್ತಾರಂತೆ. "ಮಗಳು ಇಲಾಸ್ಟಿಕ್ ಬಗ್ಗೆ ಕಲೀತಿದ್ದಾಳೆ" ಎಂದು ದೇಜಪ್ಪ ಕಂಡಕಂಡವರಿಗೆ ಹೇಳಿಕೊಂಡು ಬಂದ. ಹುಡುಗಿ ಗಾರ್ಮೆಂಟ್ ಲೈನಿಗೆ ಹೋದಳೆಂದೇ ಎಷ್ಟೋ ಮಂದಿ ತಿಳಿದರು. ಸ್ಕಾಲರ್‌ಶಿಪ್ ಸಿಕ್ಕಿ ಅವಳು ಇಂಗ್ಲೆಂಡಿನ ಶೆಫೀಲ್ಡಿಗೆ ಎಂ.ಎಸ್‌ಸಿ. ಓದಲು ಹೊರಟಾಗಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. "ಜನ್ಮವಿಡೀ ಅಡುಗೆ ಮಾಡಿದ್ದು ನಾನು, ಶೆಫ್‌ಗಳ ಫೀಲ್ಡಿಗೆ ಹೋಗುವುದು ಇವಳು ನೋಡಿ!"

ಮನೆಯ ಮಾತು ತುಳು. ಆದರೆ ಪ್ರೇಕ್ಷಾ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ಕನ್ನಡದಲ್ಲಿ ಕೇಳಿದರೆ ಅರ್ಧ ಕನ್ನಡ, ಅರ್ಧ ಹಿಂದಿ. ಶೆಫೀಲ್ಡಿಗೆ ಹೋದ ಮೇಲೆ ಅಮ್ಮನಿಗೆ ಸಂಜೆ ವೀಡಿಯೋ ಕಾಲ್, ಅಪ್ಪನಿಗೆ ಮಾತ್ರ ದಿನಕ್ಕೊಂದು ವಾಯ್ಸ್ ಮೆಸೇಜ್. ಪ್ರೊಫೆಸರ್ ಏನೆಂದರು, ಬೇಳೆ ಹೇಗೆ ಸೀದುಹೋಯಿತು, ಹೊರಗೆ ಎಂಥ ಚಳಿ, ಎಲ್ಲ ಅದರಲ್ಲಿ. ದೇಜಪ್ಪನಿಗೆ ಮೊಬೈಲಿನಲ್ಲಿ ಅಕ್ಷರ ಒತ್ತುವುದೆಂದರೆ ತ್ರಾಸು. ರೈಲಿನಲ್ಲಿ ಕಿವಿಗೆ ಹಿಡಿದು ಪೂರ್ತಿ ಕೇಳಿ, ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ. ಖುಷಿಯಾದರೂ ಹೆಬ್ಬೆರಳು, ಬೇಸರವಾದರೂ ಹೆಬ್ಬೆರಳು.

ಮೇ ತಿಂಗಳಲ್ಲಿ ಅವಳ ಪರೀಕ್ಷೆ ಶುರುವಾಗುವ ಮುನ್ನಾ ದಿನ ದೇಜಪ್ಪ ಕ್ಯಾಂಟೀನಿನಲ್ಲಿ ಕುಸಿದುಬಿದ್ದ. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು. ಪಾರ್ಶ್ವವಾಯು ಎಂದರು ಡಾಕ್ಟರು. ಈಗಲೇ ಏನೂ ಹೇಳುವ ಹಾಗಿಲ್ಲ ಎಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಮೋಹಿನಿ ಮೊದಲು ಮಾಡಹೊರಟದ್ದು ಮಗಳಿಗೆ ಫೋನು. ಅಣ್ಣ ವಸಂತಕುಮಾರ ಅವಳ ಕೈ ಹಿಡಿದ. ಸುದ್ದಿ ತಿಳಿದು ಠಾಣೆಯ ವರ್ತಕ ನಗರದಿಂದ ಓಡಿಬಂದಿದ್ದ. ತುಳುವರ ಮನೆಗಳಲ್ಲಿ ಸೋದರಮಾವನ ಮಾತೆಂದರೆ ಸುಮ್ಮನೆ ಅಲ್ಲ. ತಂಗಿಯ ಮಕ್ಕಳ ವಿಷಯದಲ್ಲಿ ಅಪ್ಪನಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ.

"ತಲೆ ಕೆಟ್ಟಿದೆಯಾ ನಿಂಗೆ?" ಎಂದ. "ನಾಳೆ ಅವಳ ಪೇಪರ್ ಉಂಟು. ಈಗ ಹೇಳಿದ್ರೆ ಎಲ್ಲ ಬಿಟ್ಟು ಓಡಿ ಬರ್ತಾಳೆ. ವರ್ಷ ಹೋಗ್ತದೆ. ನಮ್ಮ ಮನೀಷನಿಗೆ ಆದದ್ದು ಮರ್ತು ಹೋಯ್ತಾ?"

ಮರೆತಿರಲಿಲ್ಲ. ವಸಂತಕುಮಾರನ ಮಗ ಮನೀಷ್ ಇಂಜಿನಿಯರಿಂಗಿನ ಕಡೆಯ ವರ್ಷದಲ್ಲಿ, ಅಜ್ಜ ತೀರಿಹೋದರೆಂದು ಊರಿಗೆ ಹೋಗಿ ಎರಡು ಪೇಪರ್ ತಪ್ಪಿಸಿಕೊಂಡಿದ್ದ. ಹಾಗೆ ಪೇಪರ್ ಬಾಕಿ ಉಳಿಯುವುದಕ್ಕೆ ಮುಂಬಯಿಯ ಹುಡುಗರು ಕೇಟಿ ಎನ್ನುತ್ತಾರೆ. ಕೇಟಿ ಬಿತ್ತು, ಸಿಕ್ಕಿದ್ದ ಕೆಲಸ ಕೈತಪ್ಪಿತು, ಹುಡುಗ ವರ್ಷವಿಡೀ ಯಾರಿಗೂ ಮುಖ ತೋರಿಸಲಿಲ್ಲ. ಅಂದಿನಿಂದ ಆ ಬಳಗದಲ್ಲಿ ಕೇಟಿ ಎಂದರೆ ಕ್ಯಾನ್ಸರಿನಷ್ಟೇ ಹೆದರಿಕೆ.

"ಪರೀಕ್ಷೆ ಮುಗೀಲಿ," ಎಂದ ವಸಂತಕುಮಾರ. "ಅಷ್ಟರಲ್ಲಿ ಭಾವನೂ ಎದ್ದು ಕೂತಿರ್ತಾರೆ. ಎಲ್ಲ ಸೇರಿ ನಗ್ತಾ ಹೇಳುವ."

ನಗ್ತಾ ಹೇಳುವ ಎಂಬ ಮಾತು ಮೋಹಿನಿಗೆ ಧೈರ್ಯ ಕೊಟ್ಟಿತು. ಫೋನನ್ನು ಪರ್ಸಿಗೆ ಹಾಕಿಕೊಂಡಳು. ಮಗಳ ಒಳ್ಳೆಯದಕ್ಕೆಂದು ಮಾಡಿದ್ದು ಮಗಳಿಗೇ ಮುಳ್ಳಾಗುತ್ತದೆ ಎಂದು ಯಾವ ತಾಯಿ ಎಣಿಸುತ್ತಾಳೆ ಹೇಳಿ?

ಆ ಭಾನುವಾರ ದೇಜಪ್ಪ ತುಸು ಚೇತರಿಸಿಕೊಂಡ. ಒಂದೆರಡು ಚಮಚ ಗಂಜಿ ಒಳಗೆ ಹೋಯಿತು. ಆಮೇಲೆ ಎಡಗೈಯನ್ನು ಎತ್ತಿ ಕಿವಿಯ ಹತ್ತಿರ ಇಟ್ಟುಕೊಂಡು ಹೆಂಡತಿಯ ಮುಖ ನೋಡಿದ. "ಪ್ರೇ... ಪ್ರೇ..." ಎಂದ. ನಾಲಿಗೆ ಹೊರಳುತ್ತಿರಲಿಲ್ಲ. ಮಗಳ ಹೆಸರು ಅರ್ಧಕ್ಕೇ ನಿಂತಿತು. ಫೋನು ಮೋಹಿನಿಯ ಮಡಿಲಲ್ಲೇ ಇತ್ತು. ಆದರೆ ಈ ಸ್ವರ ಕೇಳಿದ ಮೇಲೆ ಆ ಹುಡುಗಿಯಿಂದ ಯಾವುದನ್ನು ಮುಚ್ಚಿಡುವುದು? ಮರುದಿನ ಎಕನೊಮೆಟ್ರಿಕ್ಸ್, ಪ್ರೇಕ್ಷಾ ನಿಜಕ್ಕೂ ಹೆದರುತ್ತಿದ್ದ ಒಂದೇ ಪೇಪರು.

"ಇಲ್ಲಿ ನೆಟ್‌ವರ್ಕ್ ಇಲ್ಲ," ಎಂದಳು ಮೋಹಿನಿ.

ದೇಜಪ್ಪ ನಂಬಿದ. ಅವಳು ಹೇಳಿದ್ದನ್ನು ನಂಬದೆ ಇರುವ ಅಭ್ಯಾಸ ಅವನಿಗೆ ಇರಲೇ ಇಲ್ಲ. ಆಯಿತು ಎನ್ನುವಂತೆ ತಲೆಯಾಡಿಸಿ ಕಣ್ಣು ಮುಚ್ಚಿದ. ಮಂಗಳವಾರ ಮಧ್ಯಾಹ್ನ ಪ್ರಾಣ ಹೋಯಿತು.

ಆಗಲಾದರೂ ಹೇಳಬೇಕಿತ್ತು. ಆದರೆ ಇನ್ನೂ ಎರಡು ಪೇಪರ್ ಉಳಿದಿದ್ದವು. "ಇನ್ನು ಹೇಳಿ ಎಂತ ಮಾಡುವುದು? ಅವಳು ಬರುವವರೆಗೆ ಬಾಡಿ ಇಡ್ಲಿಕ್ಕೆ ಆಗ್ತದಾ?" ಎಂದ ವಸಂತಕುಮಾರ, ಕಣ್ಣೊರೆಸಿಕೊಳ್ಳುತ್ತ. "ಅಪ್ಪ ಹೋದದ್ದು ಹೋಯ್ತು. ವರ್ಷವೂ ಹೋದ್ರೆ ಆ ಮಗುವಿನ ಗತಿ ಎಂತ?" ಇಡಲು ಆಗುತ್ತಿತ್ತೋ ಇಲ್ಲವೋ, ವಿಚಾರಿಸುವ ತ್ರಾಣ ಮೋಹಿನಿಗೆ ಇರಲಿಲ್ಲ. ಸೊಸೈಟಿಯ ಹುಡುಗರು ಗೇಟಿಗೆ ಕಟ್ಟಿದ 'ಭಾವಪೂರ್ಣ ಶ್ರದ್ಧಾಂಜಲಿ' ಬ್ಯಾನರನ್ನು, ಯಾರಾದರೂ ಫೋಟೋ ತೆಗೆದು ಹಾಕಿಯಾರೆಂದು ಇಳಿಸಿದರು. ವಾಟ್ಸಾಪ್ ಗ್ರೂಪುಗಳಿಗೆಲ್ಲ ತಾಕೀತು ಹೋಯಿತು. ಊರಿನ ಸುದ್ದಿಯನ್ನೆಲ್ಲ ಬಾಯಿಂದ ಬಾಯಿಗೆ ಹರಡುವ ನಮ್ಮ ಜನ ಈ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡರು. ಹದಿಮೂರನೆಯ ದಿನದ ಉತ್ತರಕ್ರಿಯೆ, ತುಳುವರ ಬೊಜ್ಜವೂ ಮಗಳಿಲ್ಲದೆಯೇ ಮುಗಿಯಿತು.

ಆಸ್ಪತ್ರೆಯಲ್ಲಿ ಶುರುವಾದ ಸುಳ್ಳುಗಳಿಗೆ ಈಗ ಕೊನೆಯೇ ಇಲ್ಲವಾಯಿತು. ಪಪ್ಪನಿಗೆ ಗಂಟಲು ಕೂತಿದೆ, ಮಾತಾಡಬಾರದು ಅಂದಿದ್ದಾರೆ. ಪಪ್ಪ ಮದುವೆಯ ಆರ್ಡರಿಗೆ ಕಾಮೋಠೆಗೆ ಹೋಗಿದ್ದಾರೆ. ಪಪ್ಪ ಈಗಷ್ಟೇ ಮಲಗಿದರು. ಗಂಡ ಹೋದ ಮೇಲೆ ಬಿಂದಿ, ಕರಿಮಣಿ ತೆಗೆಯಲೇಬೇಕೆಂದು ಈ ಕಾಲದಲ್ಲಿ ಯಾರೂ ಒತ್ತಾಯ ಮಾಡಿರಲಿಲ್ಲ. ಹಾಕಿಕೊಳ್ಳಲು ಮನಸ್ಸಾಗದೆ ಮೋಹಿನಿಯೇ ತೆಗೆದಿಟ್ಟಿದ್ದಳು. ಸಂಜೆ ವೀಡಿಯೋ ಕಾಲ್ ಬರುವ ಹೊತ್ತಿಗೆ ಮುಖ ತೊಳೆದು, ಕರಿಮಣಿ ಹಾಕಿಕೊಂಡು, ಬಿಂದಿ ಹಚ್ಚಿ, ಮುತ್ತೈದೆಯಾಗಿ ಕೂರುತ್ತಿದ್ದಳು. ಕಾಲ್ ಮುಗಿದ ಮೇಲೆ ಎಲ್ಲ ತೆಗೆದಿಟ್ಟು, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ದಿನಕ್ಕೊಮ್ಮೆ ವಿಧವೆಯಾಗುವ ಕಷ್ಟ ಯಾವ ಶತ್ರುವಿಗೂ ಬೇಡ.

ಅದಕ್ಕಿಂತ ಕಷ್ಟದ್ದು ದೇಜಪ್ಪನ ಫೋನು. ಉಳಿದ ಎರಡರಲ್ಲಿ ಮೊದಲನೆಯ ಪೇಪರ್ ಬರೆದು ಹೊರಬಂದ ಪ್ರೇಕ್ಷಾ ಅಪ್ಪನಿಗೆ ವಾಯ್ಸ್ ಮೆಸೇಜ್ ಕಳಿಸಿದಳು. "ಪಪ್ಪಾ, ಬಹುತ್ ಖರಾಬ್ ಗಯಾ. ಒಂದು ಕ್ವೆಶ್ಚನ್ ಪೂರಾ ಬಿಟ್ಟೆ. ಏನಾದ್ರೂ ಬೋಲೋ ನಾ." ಮೋಹಿನಿ ಅದನ್ನು ಒತ್ತಿ ಕೇಳಿದಳು, ಕೇಳಿದ್ದಕ್ಕೆ ಗುರುತಾಗಿ ನೀಲಿ ಗೆರೆ ಬಿತ್ತು. ಇನ್ನು ಉತ್ತರ ಹೋಗದಿದ್ದರೆ ಹುಡುಗಿಗೆ ಸಂಶಯ. ಆ ಚಿತ್ರವನ್ನು ಹುಡುಕಿ ಒತ್ತಿದಳು. ತೀರಿಹೋದವನ ಫೋನಿನಿಂದ ಒಂದು ಹೆಬ್ಬೆರಳು ಶೆಫೀಲ್ಡಿಗೆ ಹೋಯಿತು. ಅಲ್ಲಿಂದ ಕೂಡಲೇ ಒಂದು ಕೆಂಪು ಹೃದಯ ಬಂತು.

ಕಡೆಯ ಪೇಪರ್ ಮುಗಿಯುವ ದಿನ ವಸಂತಕುಮಾರ ಬಂದು, ಜೊತೆಯಲ್ಲಿ ಕೂತು, ಸಮಾಧಾನವಾಗಿ ಹೇಳುವುದೆಂದು ಮಾತಾಗಿತ್ತು. ಅವನ ಟ್ರೈನು ಇನ್ನೂ ದಿವಾ ಸ್ಟೇಷನ್ನಿನಲ್ಲಿರುವಾಗ ಮಗಳ ವೀಡಿಯೋ ಕಾಲ್ ಬಂದುಬಿಟ್ಟಿತು. ಮೋಹಿನಿ ಹಾಗೇ ಎತ್ತಿದಳು.

"ಮಮ್ಮೀ, ಖತಂ! ಪಪ್ಪಾ ಕೋ ದೇ, ಅಬ್ ತೋ ಗಂಟಲು ಠೀಕ್ ಆಗಿರ್ಬೇಕು..." ಪ್ರೇಕ್ಷಾಳ ಮಾತು ನಡುವೆಯೇ ನಿಂತಿತು. ಅಮ್ಮನ ಬೋಳು ಹಣೆಯನ್ನೇ ನೋಡುತ್ತಿದ್ದಳು. "ಮಮ್ಮಿ, ಬಿಂದಿ?"

"ಪಪ್ಪ ಇಲ್ಲ ಮಗಾ," ಎಂದಳು ಮೋಹಿನಿ. ಸ್ಟ್ರೋಕು, ಆಸ್ಪತ್ರೆ, ಮಂಗಳವಾರ, ಬೊಜ್ಜ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆ ಕಡೆ ಹುಡುಗಿ ಅಳಲಿಲ್ಲ. ಅವಳ ಬಾಯಿಂದ ಬಂದದ್ದು ತುಳು.

"ಪಪ್ಪ ಎನನ್ ಕೇಂಡೆರಾ?"

ಪಪ್ಪ ನನ್ನನ್ನು ಕೇಳಿದರಾ ಎಂದು. ಹುಟ್ಟಿದಂದಿನಿಂದ ತುಳುವಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ ಮಗಳು ಅದನ್ನು ತುಳುವಿನಲ್ಲೇ ಕೇಳಿದಳು. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಮೋಹಿನಿಗೆ ಸುಳ್ಳು ಸಾಕಾಗಿತ್ತು.

"ಕೇಳಿದ್ರು. ಫೋನ್ ಬೇಕು ಅಂದ್ರು. ನಾನು ಕೊಡ್ಲಿಲ್ಲ. ನೆಟ್‌ವರ್ಕ್ ಇಲ್ಲ ಅಂದೆ."

"ಕ್ಯೂಂ ಮಮ್ಮಿ?"

"ಮರುದಿನ ನಿನ್ನ ಪೇಪರ್ ಇತ್ತಲ್ಲ. ವರ್ಷ ಹೋಗ್ತದೆ ಅಂತ. ಮನೀಷನ ಹಾಗೆ ಆಗಬಾರದು ಅಂತ."

"ಇಲ್ಲಿ ಕೇಟಿ ಇಲ್ಲ ಮಮ್ಮಿ." ಪ್ರೇಕ್ಷಾಳ ಸ್ವರ ಮೆಲ್ಲಗಿತ್ತು, ಮಗುವಿಗೆ ಪಾಠ ಹೇಳಿದಂತೆ. "ಘರ್ ಮೇ ಹೀಗಾಗಿದೆ ಅಂತ ಒಂದು ಈಮೇಲ್ ಹಾಕಿದ್ರೆ ಸಾಕಿತ್ತು, ಪೇಪರ್ ಆಗಸ್ಟ್‌ಗೆ ಹೋಗ್ತಿತ್ತು. ನನ್ನ ಪಕ್ಕದ ರೂಮಿನ ಹುಡುಗಿ ಅಜ್ಜಿಗೆ ಸೀರಿಯಸ್ ಅಂತ ಹೋದ್ಲು. ಯಾರೂ ಏನೂ ಕೇಳ್ಲಿಲ್ಲ. ಏಕ್ ಈಮೇಲ್, ಮಮ್ಮಿ."

ಪರೀಕ್ಷೆಯೆಂದರೆ ಕಾಯುವುದಿಲ್ಲ ಎಂದು ಅವರೆಲ್ಲ ದೃಢವಾಗಿ ನಂಬಿದ್ದರು. ಅದು ಎಲ್ಲೋ ಒಂದು ಕಡೆ ಕಾಯುತ್ತದೆ ಎಂದು ಆ ಕಾರಿಡಾರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಗಳನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಮಗಳನ್ನು ಕೇಳುವುದನ್ನೇ ಅಲ್ಲವೇ ಅವರು ತಪ್ಪಿಸಿದ್ದು?

"ಮತ್ತೆ ಪಪ್ಪನ ಹೆಬ್ಬೆರಳು?" ಎಂದಳು ಪ್ರೇಕ್ಷಾ. ಅಮ್ಮ ತಲೆ ತಗ್ಗಿಸಿದ್ದನ್ನು ನೋಡಿ ಉತ್ತರ ಅವಳಿಗೇ ಗೊತ್ತಾಯಿತು. "ಅದನ್ನು ನೋಡಿಯೇ ನಾನು ಆ ದಿನ ಊಟ ಮಾಡಿದ್ದು," ಎಂದು ಹೇಳಿ ಕಾಲ್ ಕಟ್ ಮಾಡಿದಳು.

ನಾಲ್ಕು ದಿನಗಳಲ್ಲಿ ಬಂದಳು, ಒಂದು ವಾರ ಇದ್ದಳು. ಜಗಳ ಮಾಡಲಿಲ್ಲ, ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಬಡಿಸಿದ್ದನ್ನು ತಿಂದಳು, ಕೇಳಿದ್ದಕ್ಕೆಲ್ಲ "ಹಾಂ" ಎಂದಳು. ಒಂದು ದಿನ ಒಬ್ಬಳೇ ಬೇಲಾಪುರಕ್ಕೆ ಹೋಗಿ ಸಂಜೆಯವರೆಗೆ ಕ್ಯಾಂಟೀನಿನಲ್ಲಿ ಕೂತು ಬಂದಳು. ಆಮೇಲೆ ಪ್ರಬಂಧ ಬರೆಯುವುದಿದೆ ಎಂದು ಹೊರಟುಹೋದಳು. ಫಲಿತಾಂಶ ಬಂದಾಗ ಎಕನೊಮೆಟ್ರಿಕ್ಸಿನಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ. ಸುದ್ದಿ ಹೇಗೋ ತಿಳಿದ ವಸಂತಕುಮಾರ ಫೋನ್ ಮಾಡಿ, "ನೋಡು, ನಾವು ಮಾಡಿದ್ದು ಸರಿಯೇ ಆಯ್ತಲ್ಲ" ಎಂದ. "ಈ ವಿಷಯ ಇನ್ನು ನನ್ನ ಹತ್ರ ತೆಗೀಬೇಡ ಅಣ್ಣಾ" ಎಂದು ಮೋಹಿನಿ ಫೋನ್ ಇಟ್ಟಳು. ಅಣ್ಣನ ಮಾತನ್ನು ಅವಳು ಕಡಿದದ್ದು ಅದೇ ಮೊದಲು.

ಪ್ರೇಕ್ಷಾ ಅಲ್ಲೇ ಒಂದು ಸಂಸ್ಥೆಯಲ್ಲಿ ಸಂಶೋಧನೆಯ ಕೆಲಸ ಹಿಡಿದಳು. ಸಂಜೆಯ ಕಾಲ್ ನಿಲ್ಲಲಿಲ್ಲ. ಕರ್ತವ್ಯ ಮಾಡಿದಂತೆ ಬರುತ್ತಿತ್ತು. ಮರುವರ್ಷ ಮಳೆಗಾಲದ ಒಂದು ಸಂಜೆ ಮೋಹಿನಿಯ ಸ್ವರ ಕಟ್ಟಿತ್ತು. "ಏನಾಯ್ತು?" ಎಂದಳು ಮಗಳು. "ಎಂತ ಇಲ್ಲ ಮಗಾ, ಬರೀ ಶೀತ," ಎಂದಳು ಮೋಹಿನಿ. ಅದು ನಿಜಕ್ಕೂ ಬರೀ ಶೀತವೇ ಆಗಿತ್ತು. ಪ್ರೇಕ್ಷಾ ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಹೂಂ ಎಂದು ಇಟ್ಟಳು.

ಬಿಸಿನೀರು ಕಾಯುವಷ್ಟರಲ್ಲಿ ಬೆಲ್ ಆಯಿತು. ಎದುರುಮನೆಯ ಹುಬ್ಬಳ್ಳಿಯ ಪದ್ಮಾವತಿ ಕೈಯಲ್ಲಿ ಫೋನ್ ಹಿಡಿದು ನಿಂತಿದ್ದರು. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ," ಎಂದರು, ಮುಖ ಎತ್ತದೆ. "ಪ್ರೇಕ್ಷಾ ಫೋನ್ ಮಾಡ್ಯಾಳ. ಮಮ್ಮಿ ಬರೇ ಥಂಡಿ ಅಂತಾಳ, ನೀವು ಹ್ವಾಗಿ ಕಣ್ಣಾರೆ ನೋಡಿ ಹೇಳ್ರಿ ಅಂದ್ಲು. ಮೈ ಮುಟ್ಟಿ ನೋಡ್ರಿ ಅಂತನೂ ಅಂದ್ಲು."

ಮೋಹಿನಿ ಕೈ ಮುಂದೆ ಚಾಚಿದಳು. ಪದ್ಮಾವತಿ ಮಣಿಕಟ್ಟು ಹಿಡಿದು ನೋಡಿದರು, ಹಣೆ ಮುಟ್ಟಿದರು. ಆಮೇಲೆ ಫೋನಿಗೆ, "ಖರೇನ ಬರೇ ನೆಗಡಿ ಐತವಾ, ಜ್ವರ ಇಲ್ಲ" ಎಂದರು. ಆ ಕಡೆಯಿಂದ ಮಗಳು ಉಸಿರು ಬಿಟ್ಟದ್ದು ಮೋಹಿನಿಗೂ ಕೇಳಿಸಿತು. ತಾನು ಹೇಳಿದಾಗ ಬಾರದ ನೆಮ್ಮದಿ ಎದುರುಮನೆಯವರು ಹೇಳಿದಾಗ ಬಂದಿತ್ತು. ಗಂಡ ಹೋದಾಗಲೂ ಮೋಹಿನಿಗೆ ಇಷ್ಟು ಒಂಟಿ ಅನಿಸಿರಲಿಲ್ಲ. ಮಗಳ ಮೇಲೆ ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ.

ಮರುದಿನದಿಂದ ಕಾಲ್ ಬರುವ ಹೊತ್ತಿಗೆ ಅವಳೇ ಹೋಗಿ ಪದ್ಮಾವತಿಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದಳು.