ಮಾಳಿಗೆಯಿಂದ ಇಳಿಸಿದ ಮುಖ

ಹೋದ ವಾರ ಗಿರಾಕಿಯೊಬ್ಬರು ಸ್ಕ್ಯಾನ್ ಮಾಡಿಸಲು ಹಳೆಯ ದಿನಪತ್ರಿಕೆಯೊಂದನ್ನು ತಂದಿದ್ದರು. ಮಡಿಕೆ ಬಿಚ್ಚಿದ ಕೂಡಲೇ ಮುಗ್ಗಲು ಕಾಗದದ ವಾಸನೆ ಮೂಗಿಗೆ ಅಡರಿತು. ಟೇಲರ್ ಚಾಚಾ ನೆನಪಾದರು...

ಅಫಜಲಪುರದಲ್ಲಿ ನನ್ನ ಫೋಟೋ ಸ್ಟುಡಿಯೋದ ಎದುರಿಗೇ ಅವರ ಹೊಲಿಗೆ ಅಂಗಡಿಯಿತ್ತು. ಮಾತು ಕಡಿಮೆ. ಮಗಳ ಮದುವೆ ಆಳಂದದ ಕಡೆ ನಿಶ್ಚಯವಾದ ಮೇಲೆ, ಒಂದು ಮಧ್ಯಾಹ್ನ ಒಳಗೆ ಬಂದು ಪೇಪರಿನ ಚೂರೊಂದನ್ನು ಮೇಜಿನ ಮೇಲಿಟ್ಟರು. ಭೀಮಾ ಹೊಳೆ ಉಕ್ಕಿದ್ದಾಗಿನ ಚಿತ್ರ. ಸುತ್ತ ನೀರು, ನಡುವೆ ಒಂದು ಮನೆಯ ಮಣ್ಣಿನ ಮಾಳಿಗೆ, ಅದರ ಮೇಲೆ ಕೂಸನ್ನು ಎದೆಗವಚಿಕೊಂಡು ಕುಳಿತ ಹೆಂಗಸು.

"ತಂಗಿ, ಇಕಿ ನಮ್ಮ ಮನ್ಯಾಕಿ. ಇದೊಂದು ಬಿಟ್ರ ಅಕೀದು ಯಾವ ಫೋಟೋನೂ ಉಳಿದಿಲ್ಲ. ಎಲ್ಲಾ ಹೊಳ್ಯಾಗ ಹೋತು. ಮುಖ ಅಷ್ಟ ತಗದು ದೊಡ್ಡದು ಮಾಡಿಕೊಡು. ಮಗಳು ಅಮ್ಮೀ ಮುಖಾನ ನೋಡಿಲ್ಲ."

ಆ ದಿನ ಚಾಚಾ ಪೇಟೆಯಲ್ಲಿದ್ದರಂತೆ. ರಸ್ತೆ ಮುಳುಗಿ ಹೊಳೆದಂಡೆಯ ತಮ್ಮ ಊರಿಗೆ ಹೋಗಲಾಗಲಿಲ್ಲ. ದೋಣಿ ಬರುವ ತನಕ ಆಕೆ ಮಳೆಯಲ್ಲೇ ಕುಳಿತಿದ್ದಳು. ಕೂಸು ಉಳಿಯಿತು. ಆಕೆ ಜ್ವರದಲ್ಲಿ ಹೋದಳು.

"ಕಣ್ಣು ಮುಚ್ಚಿದ್ರ ಅದ ಮಾಳಿಗಿ ಬರ್ತದ. ಬ್ಯಾರೆ ಎಲ್ಲೂ ಅಕಿ ನನಗ ಸಿಗೂದಿಲ್ಲ," ಎಂದರು.

ಸ್ಕ್ಯಾನ್ ಮಾಡಿದೆ. ಅಚ್ಚಿನ ಚುಕ್ಕಿಗಳೆಲ್ಲ ಎದ್ದುಬಂದು ಪರದೆಯ ತುಂಬ ಅಲೆಅಲೆಯಾದ ಗೆರೆಗಳು. ಮುಖ ಜಾಲರಿಯ ಹಿಂದೆ ಸಿಕ್ಕಿಕೊಂಡಿತ್ತು. ಹಿಂಬದಿಯ ಅಕ್ಷರ ಮೂಡದಿರಲೆಂದು ಕಪ್ಪು ಹಾಳೆ ಇಟ್ಟೆ. ಗಾಜಿನ ಮೇಲೆ ಚೂರನ್ನು ತುಸು ಓರೆ ಮಾಡಿದೆ. ತುಂಬ ದೊಡ್ಡದಾಗಿ ಸ್ಕ್ಯಾನ್ ಮಾಡಿ, ಮಸುಕುಗೊಳಿಸಿ, ಮತ್ತೆ ಕುಗ್ಗಿಸಿದೆ. ಚುಕ್ಕಿ ಹೋದವು... ಜೊತೆಗೆ ಕಣ್ಣೂ ಹೋದವು. ಮಸುಕು ಕಡಿಮೆ ಮಾಡಿದರೆ ಕಣ್ಣು ಬರುತ್ತಿದ್ದವು, ಜಾಲರಿಯೂ ಬರುತ್ತಿತ್ತು.

ನುಣುಪಾದ ಮುಖವನ್ನು ನೋಡಿ ಚಾಚಾ, "ಇಕಿ ಯಾರು?" ಎಂದರು. ಪೇಪರಿನ ಚೂರಿನತ್ತ ಬೆರಳು ತೋರಿಸಿ, "ಚುಕ್ಕಿ ಇರ್ಲಿ ತಂಗಿ. ಅಕಿ ಇರ್ಲಿ."

ಕೊನೆಗೆ ಅರ್ಧ ಚುಕ್ಕಿ ಉಳಿಸಿ, ಅಂಗೈಯೊಳಗೆ ಹಿಡಿಯುವಷ್ಟು ಸಣ್ಣದಾಗಿ ಮುದ್ರಿಸಿದೆ. ಅಷ್ಟು ಸಣ್ಣದರಲ್ಲಿ ಅವು ಕಣ್ಣಿಗೆ ಬೀಳುತ್ತಿರಲಿಲ್ಲ. ಗೋಡೆಗೆ ಹಾಕುವ ಆಸೆ ಬಿಟ್ಟು ಚಾಚಾ ಅದನ್ನೇ ಒಪ್ಪಿಕೊಂಡರು. ಆಮೇಲೆ ಆ ಪೇಪರಿನ ಚೂರನ್ನು ನನ್ನೆದುರೇ ಹರಿದರು. ಕಂಪ್ಯೂಟರಿನಲ್ಲಿ ಇದ್ದುದನ್ನೂ ಅಳಿಸಿ ಹಾಕಿಸಿದರು.

ನಾನು ಬೆರಗಾಗಿ ನೋಡುತ್ತಿದ್ದೆ. "ಮಾಳಿಗಿ ಸುದ್ದಿ ಮಗಳಿಗೆ ಗೊತ್ತಾಗೂದು ಬ್ಯಾಡ," ಎಂದರು. "ತನ್ನ ಸಲುವಾಗಿ ಅಮ್ಮಿ ತೋಯ್ದು ಸತ್ಲು ಅಂತ ತಿಳಕೋತಾಳ. ಆ ಮಾಳಿಗಿ ಮ್ಯಾಲ ನಾ ಒಬ್ಬಾಂವ ಸಾಕು."

ಚಾಚಾ ಈಗಿಲ್ಲ. ಅವರ ಅಂಗಡಿಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿದೆ. ಮೊನ್ನೆ ಮಗಳು ಬಂದಿದ್ದಳು. ಪರ್ಸಿನಿಂದ ಆ ಫೋಟೋ ತೆಗೆದು ತೋರಿಸಿದಳು.

"ಅಕ್ಕಾ, ಇದನ್ನ ನೀವ ಮಾಡಿಕೊಟ್ಟಿದ್ದಂತಲ್ರಿ. ಅಮ್ಮಿ ಇದರಾಗ ಏನು ನೋಡಾಕತ್ತಾಳ್ರಿ? ಅಬ್ಬಾಗ ಕೇಳಿದ್ರ ಮಷೀನ್ ತುಳಿಯಾಕ ಹತ್ತತಿದ್ರು."

"ನಿಮ್ಮ ಅಬ್ಬಾ ಬರೂ ದಾರಿ ನೋಡಾಕತ್ತಾರವ್ವ," ಎಂದೆ.

ಅವಳು ನಕ್ಕು, ಫೋಟೋವನ್ನು ಸೆರಗಿನಿಂದ ಒರೆಸಿ ಒಳಗಿಟ್ಟುಕೊಂಡಳು. ಮಾಳಿಗೆಯ ಮೇಲೆ ಆಕೆ ಎದೆಗವಚಿಕೊಂಡಿದ್ದ ಕೂಸು ಅವಳೇ ಎಂದು ಬಲ್ಲವರು ಇಲ್ಲಿ ಈಗ ನಾನೊಬ್ಬಳೇ... ಅವಳು ರಸ್ತೆ ದಾಟಿ ಬಸ್ಸಿಗೆ ಹೋಗುವವರೆಗೂ ಬಾಗಿಲಲ್ಲೇ ನಿಂತಿದ್ದೆ.