ಬಾಗಿಲು ತಡೆದವರಿಗೆ ಒಂದು ಒಡಪು

ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಾಗ ಬರುವ ಆ ಘಾಟು ವಾಸನೆ ಮೂಗಿಗೆ ಬಡಿದರೆ ನನ್ನ ಬಾಯಲ್ಲಿ ನೀರೂರುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಯಾರೋ ಬಿಳಿ ಬೋರ್ಡಿನ ಮೇಲೆ ಗಂಭೀರವಾಗಿ ಏನೋ ಬರೆಯುತ್ತಿರುತ್ತಾರೆ; ನಾನು ಮಾತ್ರ ಬಿಸಿ ರೊಟ್ಟಿ, ಶೇಂಗಾ ಹಿಂಡಿ ನೆನೆದು ಎಂಜಲು ನುಂಗುತ್ತ ಕೂತಿರುತ್ತೇನೆ. ತಪ್ಪು ನನ್ನದಲ್ಲ. ಇಂಗ್ಲಿಷರ ನಾಡಿನ ಹೌನ್ಸ್ಲೋದ ನಮ್ಮ ಮನೆಯಲ್ಲಿ ಒಂದಿಡೀ ಬೇಸಿಗೆ ಈ ಎರಡು ವಾಸನೆಗಳು ಒಂದನ್ನೊಂದು ಬಿಟ್ಟಿರಲಿಲ್ಲ. ಮುಂದಿನ ಕೋಣೆಯ ಕಾರ್ಪೆಟ್ಟಿನ ಮೇಲೆ ರಟ್ಟು ಹರಡಿಕೊಂಡು ಹೆಂಗಸರು ದಪ್ಪ ಅಕ್ಷರದ ಫಲಕ ಬರೆಯುತ್ತಿದ್ದರು. ಹಿಂದೆ ಅಡುಗೆಮನೆಯಲ್ಲಿ ನಮ್ಮವ್ವ ಅವರೆಲ್ಲರಿಗಾಗಿ ಶೇಂಗಾ ಹುರಿಯುತ್ತಿದ್ದಳು. ಒಂಬತ್ತು ವರ್ಷದ ನಾನು ನಡುವಿನ ಪ್ಯಾಸೇಜಿನಲ್ಲಿ ಅಡ್ಡಾಡುತ್ತ ಎರಡೂ ಕಡೆ ಬೈಸಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಆ ಮನೆಯಲ್ಲಿ ನಾವು ಐವರಿದ್ದೆವು. ಅಪ್ಪ, ಅವ್ವ, ನಾನು, ಅಪ್ಪನ ತಮ್ಮ ಶಿವಾನಂದ ಕಾಕಾ, ಮತ್ತು ಹಿಂದಿನ ವರ್ಷವಷ್ಟೇ ಧಾರವಾಡದ ಹತ್ತಿರದ ಹಳ್ಳಿಯಿಂದ ಅವನ ಕೈ ಹಿಡಿದು ಬಂದಿದ್ದ ಶಾಂತಾ ಕಾಕು. ವಿಮಾನಗಳು ನಮ್ಮ ಹೆಂಚಿಗೆ ತಾಗಿಯೇ ಇಳಿಯುತ್ತವೇನೋ ಅನ್ನುವಂಥ ಬೀದಿ ನಮ್ಮದು. ಒಂದು ವಿಮಾನ ಹಾದುಹೋಗುವಷ್ಟು ಹೊತ್ತು ಮನೆಮಂದಿಯೆಲ್ಲ ಬಾಯಿ ಮುಚ್ಚಿ, ಅದು ಹೋದ ಕೂಡಲೇ ಮಾತನ್ನು ನಿಂತ ಪದದಿಂದಲೇ ಮುಂದುವರಿಸುತ್ತಿದ್ದೆವು. ಜಗಳಗಳೂ ಹಾಗೆಯೇ ನಡುವೆ ನಿಂತು, ಮತ್ತೆ ಶುರುವಾಗುವ ಹೊತ್ತಿಗೆ ಅರ್ಧ ತಣ್ಣಗಾಗಿರುತ್ತಿದ್ದವು. ಕಾಕಾ ಬಸ್ ಡ್ರೈವರ್. ಇಡೀ ದಿನ ಟ್ರಾಫಿಕ್ಕಿನಲ್ಲಿ ನವೆದು ಬಂದರೂ ಬಾಗಿಲಲ್ಲಿ ಬೂಟು ಬಿಚ್ಚುವಾಗಲೇ ಏನಾದರೂ ತಮಾಷೆ ಹೇಳಿ ಕಾಕುವನ್ನು ನಗಿಸುತ್ತಿದ್ದ. ಅವರಿಬ್ಬರದು ಗಂಡ ಹೆಂಡಿರ ಸಂಬಂಧವೇ ಅಲ್ಲ ಎಂದು ಯಾರಾದರೂ ಅಂದಿದ್ದರೆ ನಮ್ಮ ಬೀದಿಯ ಬೆಕ್ಕುಗಳೂ ನಗುತ್ತಿದ್ದವು.

ಆದರೆ ವಲಸೆ ಇಲಾಖೆಯ ಒಬ್ಬ ಅಧಿಕಾರಿ ಅದನ್ನೇ ಅಂದ. ಕಾಕು ಇಲ್ಲಿ ಕಾಯಮ್ಮಾಗಿ ಇರಲು ಅರ್ಜಿ ಹಾಕಿದಾಗ, ಮದುವೆ ಖರೆಯೋ ಸುಳ್ಳೋ ಎಂದು ವಿಚಾರಿಸಲು ಅವಳೊಬ್ಬಳನ್ನೇ ಒಳಗೆ ಕರೆದರು. ಗಂಡ ಬೆಳಿಗ್ಗೆ ಏನು ತಿನ್ನುತ್ತಾನೆ, ಮನೆಯ ಪರದೆಗಳ ಬಣ್ಣ ಯಾವುದು, ಎಲ್ಲಕ್ಕೂ ಅವಳು ತನ್ನ ಹರಕು ಇಂಗ್ಲಿಷಿನಲ್ಲಿ ಪಟಪಟ ಉತ್ತರ ಕೊಟ್ಟಳು. ಗಂಡನ ಹೆಸರೇನು ಎಂದು ಕೇಳಿದಾಗ ಮಾತ್ರ ತಲೆ ತಗ್ಗಿಸಿ ನಕ್ಕಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಡಾಕ್ಟರ ಹತ್ತಿರವಾಗಲಿ ಲೈಬ್ರರಿಯಲ್ಲಾಗಲಿ ಯಾರಾದರೂ ಕೇಳಿದರೆ ಕಾಕು ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದಳು, ನಾನೋ ಅವ್ವನೋ ಹೇಳಿಬಿಡುತ್ತಿದ್ದೆವು. ಅದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಒಳಗೆ ಅವಳ ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಅಧಿಕಾರಿ ಮೂರು ಸಲ ಕೇಳಿದ. ಅವಳು ಮೂರು ಸಲವೂ ಕೊರಳ ತಾಳಿ ತೋರಿಸಿದಳು. ‘ಅರ್ಜಿದಾರಳಿಗೆ ತನ್ನ ಗಂಡನ ಹೆಸರು ಗೊತ್ತಿಲ್ಲ’ ಎಂದು ಅವನು ಬರೆದುಕೊಂಡ. ಕೆಲವು ವಾರಗಳಲ್ಲಿ ಕಾಗದ ಬಂತು: ದೇಶ ಬಿಟ್ಟು ಹೋಗಬೇಕು. ಅವಳು ಹೋದರೆ ಕಾಕಾನೂ ಹೋಗುವವನೇ. ಆ ಸಂಜೆ ಕಾಕಾ ಬೂಟನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಆ ಕಾಗದವನ್ನು ಮತ್ತೆ ಮತ್ತೆ ಓದಿದ.

ಆಗ ಬಂದವಳು ಗ್ರೇಸಿ ಆಂಟಿ. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು, ಎರಡು ಬೀದಿ ಆಚೆ ಅವಳ ಮನೆ. ಹಗಲು ಟೈಪಿಸ್ಟ್ ಕೆಲಸ ಮಾಡಿ, ಸಂಜೆ ಕ್ಲಾಸಿಗೆ ಹೋಗಿ, ವರ್ಷಗಟ್ಟಲೆ ಒದ್ದಾಡಿ ಕಾನೂನು ಕಲಿತಿದ್ದಳು. ಬಡವರ ಕೇಸುಗಳನ್ನು ಪುಕ್ಕಟೆಯಾಗಿ ನಡೆಸುವ ಒಂದು ಸಣ್ಣ ಕಚೇರಿಯಲ್ಲಿ ಅವಳಿಗೊಂದು ಮೇಜು ಇತ್ತು. ಕಾಗದ ಓದಿದವಳೇ ನಮ್ಮ ಸೋಫಾವನ್ನು ಗೋಡೆಗೆ ದೂಡಿಸಿ, ಮುಂದಿನ ಕೋಣೆಯನ್ನು ಆಫೀಸು ಮಾಡಿಕೊಂಡಳು. ಅಪೀಲು ಬರೆದಳು. ಇಂಥದೇ ಕಾಗದ ಬಂದಿದ್ದ ಬೇರೆ ಬೇರೆ ಊರಿನ, ಭಾಷೆಯ ಹೆಂಗಸರನ್ನು ಹುಡುಕಿ ತಂದು ಕೂರಿಸಿ, ಕೈಗೆ ಮಾರ್ಕರ್ ಕೊಟ್ಟಳು. ಶನಿವಾರ ಶನಿವಾರ ಅವರೆಲ್ಲ ಹೈ ಸ್ಟ್ರೀಟಿನಲ್ಲಿ ಫಲಕ ಹಿಡಿದು ನಿಂತು ಸಹಿ ಕೇಳುತ್ತಿದ್ದರು. ನಮ್ಮವ್ವ ಫಲಕ ಹಿಡಿಯುವವಳಲ್ಲ. ಸಹಿ ಹಾಕಿದವರ ಕೈಗೆಲ್ಲ ಶೇಂಗಾ ಉಂಡೆ ಇಡುತ್ತಿದ್ದಳು. ಉಂಡೆಯ ಆಸೆಗೆ ಒಬ್ಬ ಮುದುಕ ಮೂರು ಸಲ ಸಹಿ ಹಾಕಲು ಬಂದಿದ್ದ.

ಕೇಸಿಗೆ ಅಡ್ಡ ನಿಂತವಳು ಮಾತ್ರ ಸ್ವತಃ ಕಾಕು. ಕೋರ್ಟಿನಲ್ಲಿ ಗಂಡನ ಹೆಸರು ಹೇಳಿಬಿಟ್ಟರೆ ಅರ್ಧ ಗೆದ್ದಂತೆ ಎಂದು ಗ್ರೇಸಿ ಆಂಟಿ, ಹೇಳುವುದಿಲ್ಲ ಎಂದು ಕಾಕು.

“ಎಂತ ಮಾರಾಯ್ತಿ, ಒಂದು ಹೆಸರು ಹೇಳ್ಲಿಕ್ಕೆ ನಿಂಗೆ ಇಷ್ಟು ಕಷ್ಟವಾ? ಇಂಥ ಕಟ್ಟುಪಾಡಿಂದಲೇ ಹೆಂಗಸರು ಹಾಳಾದದ್ದು!” ಎಂದು ಗ್ರೇಸಿ ಆಂಟಿ ರೇಗಿದಳು.

“ಗ್ರೇಸಕ್ಕಾ, ಅಲ್ಲಿ ಅವರು ಕಳ್ಳಿನ್ನ ಕೇಳಿದಂಗ ಕೇಳಿದ್ರು. ಈಗ ಹೋಗಿ ಪಟ್ಟನ ಹೇಳಿದ್ರ ಅಂಜಿ ಹೇಳಿದಂಗ ಆಕ್ಕೈತಿ. ನಾ ಖರೇ ಹೇಣ್ತಿ. ನಾ ಯಾಕ ಅಂಜಲಿ?” ಎಂದಳು ಕಾಕು.

ಕಾಕಾ ನಡುವೆ ಬಾಯಿ ಹಾಕಿ, “ಹೇಳಿಬಿಡಲೇ, ನನ್ನ ಆಯುಷ್ಯದಾಗ ಒಂದ ವಾರ ಹೋದ್ರ ಹೋಗ್ಲಿ. ದಿನಾ ಟ್ರಾಫಿಕ್ಕಿನಾಗ ಅದಕ್ಕಿಂತ ಹೆಚ್ಚ ಹೋಗ್ತೈತಿ,” ಎಂದ. ಎಲ್ಲರೂ ನಕ್ಕರು. ಕಾಕು ನಗಲಿಲ್ಲ, ಎದ್ದು ಅಡುಗೆಮನೆಗೆ ಹೋದಳು. ಅವಳಿಗೆ ನಿಜಕ್ಕೂ ಭಯವಿತ್ತು ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಗಂಟು ಬಿಚ್ಚಿದವಳು ಎಂದೂ ಬಾಯಿ ಹಾಕದ ನಮ್ಮವ್ವ. ಮರುದಿನ ಇಬ್ಬರೂ ರೊಟ್ಟಿ ಬಡಿಯುತ್ತಿದ್ದಾಗ, ಹೆಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ ಅಂದಳು: “ಅಲ್ಲವಾ ಶಾಂತಾ, ಲಗ್ನಾ ಆಗಿ ಮನಿ ತುಂಬೂವಾಗ ಬಾಗಲಾ ತಡದು ನಿಂತು ಹೆಸರ ಕೇಳಿದ್ರ ಏನ ಮಾಡ್ತೀವಿ? ಒಡಪ ಹಾಕಿ ಹೇಳಿ ಒಳಗ ಬರ್ತೀವಿ. ಈಗ ಈ ದೇಶದವರು ಬಾಗಲಾ ತಡದು ನಿಂತಾರ ಅನ್ಕೋ.” ಕಾಕುವಿನ ಕೈ ಹಿಟ್ಟಿನ ಮೇಲೆ ನಿಂತೇಬಿಟ್ಟಿತು. ಪ್ರಾಸ ಕಟ್ಟಿದ ಒಡಪಿನೊಳಗೆ ಇಟ್ಟು ಹೇಳಿದ ಹೆಸರಿಗೆ ದೋಷವಿಲ್ಲ; ಅದು ನಮ್ಮ ಹೆಂಗಸರು ತಮಗಾಗಿ ತಾವೇ ಬರೆದುಕೊಂಡ ಕಾನೂನು. ಹಾವೂ ಸಾಯದ, ಕೋಲೂ ಮುರಿಯದ ದಾರಿ. ಅಲ್ಲಿಂದ ಮುಂದೆ ವಿಚಾರಣೆಯ ದಿನದವರೆಗೆ ನಮ್ಮ ಮನೆಯಲ್ಲಿ ಒಡಪಿನದೇ ಹಬ್ಬ. ಫಲಕ ಬರೆಯುವವರು ಪ್ರಾಸ ಹುಡುಕತೊಡಗಿದರು. ಗ್ರೇಸಿ ಆಂಟಿ ಕಾನೂನು ಪುಸ್ತಕ ಮುಚ್ಚಿಟ್ಟು, ಬಂಗುಡೆ ಮೀನನ್ನೂ ಕಾಕಾನನ್ನೂ ಒಂದೇ ಒಡಪಿಗೆ ಹಾಕಿ ಎಲ್ಲರಿಂದ ಛೀಮಾರಿ ಹಾಕಿಸಿಕೊಂಡಳು.

ವಿಚಾರಣೆ ಊರಿನ ಇನ್ನೊಂದು ತುದಿಯ ಸರಕಾರಿ ಕಟ್ಟಡದಲ್ಲಿ. ಶಾಲೆಗೆ ರಜೆ ಇದ್ದುದರಿಂದ ನಾನೂ ಹಿಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ಗ್ರೇಸಿ ಆಂಟಿ ಎದ್ದು, ಗೊತ್ತಿಲ್ಲದಿರುವುದು ಬೇರೆ, ಹೇಳದಿರುವುದು ಬೇರೆ; ಅಧಿಕಾರಿ ಎರಡನ್ನೂ ಒಂದೇ ಮಾಡಿದ್ದಾರೆ ಎಂದು ಶುರುಮಾಡಿ ಅರ್ಧ ಗಂಟೆ ವಾದಿಸಿದಳು. ವಯಸ್ಸಾದ ನ್ಯಾಯಾಧೀಶರು ಕನ್ನಡಕ ತೆಗೆದು ಕಾಕುವಿನ ಕಡೆ ತಿರುಗಿ, ನಿಮ್ಮ ಊರಿನಲ್ಲಿ ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿ, ಕೇಳಲು ನನಗೆ ಇಷ್ಟ ಎಂದರು. ಕಾಕು ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು.

“ತಲಿ ಮ್ಯಾಲ ಹಾರತಾವ ದಿನಾ ನೂರು ವಿಮಾನ,
ಊರ ಬಿಟ್ಟ ಬಂದರೂ ಬಿಟ್ಟಿಲ್ಲ ಮಾನ,
ಶಿವಾನಂದರಾಯರು ಇದ್ದಲ್ಲೇ ನನ್ನ ಪ್ರಾಣ.”

ಹಿಂದಿನ ಸಾಲಿನ ನಮ್ಮ ಹೆಂಗಸರು ಮದುವೆ ಮನೆಯಲ್ಲಿ ಕೂಗುವಂತೆ “ಹೋ!” ಎಂದರು. ಬೆಂಗಳೂರು ಕಡೆಯ ದುಭಾಷಿ ಪಾಪ ಬೆವರಿದ. ಕೊನೆಗೆ, “ಸರ್, ಮೊದಲು ವಿಮಾನ ಬರುತ್ತೆ, ಆಮೇಲೆ ಮರ್ಯಾದೆ, ಕೊನೆಗೆ ಗಂಡ,” ಎಂಬರ್ಥದ್ದೇನೋ ಇಂಗ್ಲಿಷಿನಲ್ಲಿ ಹೇಳಿದ. ನ್ಯಾಯಾಧೀಶರು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಕಾಕಾ ಮಾತ್ರ ನೆಲ ನೋಡುತ್ತ ಕೂತಿದ್ದ. ತಮಾಷೆಯ ಮನುಷ್ಯನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

ನಾವು ಗೆದ್ದೆವು. ಅವ್ವ ಹೋಳಿಗೆ ಮಾಡಿದಳು. ಅದೇ ವಾರ ನಮ್ಮ ಕಾರ್ಪೆಟ್ಟಿನ ಮೇಲೆ ಫಲಕ ಬರೆದಿದ್ದ ಇನ್ನೊಬ್ಬ ಹೆಂಗಸು ಸೋತಳು. ಗ್ರೇಸಿ ಆಂಟಿ ನಮ್ಮ ಸಿಂಕಿನ ಮುಂದೆ ನಿಂತು ಅತ್ತು, ಮುಖ ತೊಳೆದುಕೊಂಡು, ಮುಂದಿನ ಶನಿವಾರ ಮತ್ತೆ ರಟ್ಟು ಹೊತ್ತು ಬಂದಳು. ಈಗ ನನ್ನದೂ ಅವಳದೇ ವಕೀಲಿ ಕಸುಬು. ಫೈಲಿನಲ್ಲಿ ‘ಉತ್ತರಿಸಲಿಲ್ಲ’ ಎಂಬ ಮಾತು ಕಂಡರೆ ನಾನು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಯಾಕೆ ಉತ್ತರಿಸಲಿಲ್ಲ ಎಂದು ಕೇಳಿ ಬರುತ್ತೇನೆ. ಕಾನೂನು ಓದಿ ಕಲಿತದ್ದಕ್ಕಿಂತ ಹೆಚ್ಚನ್ನು ಆ ಪ್ಯಾಸೇಜಿನಲ್ಲಿ ಬೈಸಿಕೊಳ್ಳುತ್ತ ಕಲಿತೆ.

ಆ ಮನೆ ಈಗಿಲ್ಲ. ಅದನ್ನು ಕೊಂಡವರು ಗೋಡೆ ಒಡೆದು ನಾಲ್ಕು ಫ್ಲಾಟ್ ಮಾಡಿದ್ದಾರೆ. ಗ್ರೇಸಿ ಆಂಟಿ ಹೋದಳು, ಅವಳ ಹಿಂದೆಯೇ ಅವ್ವನೂ. ನಿಮಗೂ ಇಂಥದೊಂದು ಮನೆ ಇದ್ದೀತು. ವಿಳಾಸ ಹಾಗೆಯೇ ಇದ್ದು ಒಳಗಿನ ಮಂದಿ ಇಲ್ಲದ ಮನೆ. ಆದರೆ ಎಲ್ಲರಿಗಿಂತ ಮೊದಲು ಹೋದವನು ಕಾಕಾ. ಎರಡು ಸಾವಿರದ ಇಸವಿಯ ಆಚೆಗಿನ ಒಂದು ಚಳಿಗಾಲದಲ್ಲಿ, ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ಇಳಿಯುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಸಾವು ನೋಂದಾಯಿಸಲು ಕಾಕುವಿನ ಜೊತೆ ನಾನು ಹೋದೆ. ಮೇಜಿನ ಆಚೆಯ ಹುಡುಗಿ ತುಂಬ ಮೆಲ್ಲಗೆ, ತೀರಿಕೊಂಡವರ ಹೆಸರೇನು ಎಂದು ಕೇಳಿದಳು. ಹಳೇ ರೂಢಿ, ನಾನು ಬಾಯಿ ತೆರೆದೆ. ಕಾಕು ನನ್ನ ಕೈ ಮೇಲೆ ಕೈ ಇಟ್ಟು ತಡೆದಳು. “ಶಿವಾನಂದ,” ಎಂದಳು. ಹಿಂದೆ ಮುಂದೆ ಪ್ರಾಸವಿಲ್ಲ, ಬರೀ ಹೆಸರು. ಹುಡುಗಿ ಸ್ಪೆಲಿಂಗ್ ಕೇಳಿದಾಗ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಅವಳ ತುಟಿ ಅಲುಗುತ್ತಿತ್ತು. ಏನು ಕಾಕು ಎಂದೆ. “ಎಷ್ಟ ಛಲೋ ಹೆಸರ ನೋಡವಾ,” ಎಂದಳು. “ಇಷ್ಟು ವರ್ಷ ನೀವೆಲ್ಲಾರೂ ಕರದ್ರಿ. ನಾ ಒಬ್ಬಾಕಿನ ಕರೀಲಿಲ್ಲ.”