ಪ್ರೇಮಾವತಿಯ ಅಂಗಾಲಿನ ಉರಿ

ಬೀಡಿ ಕಟ್ಟಲು ಕೂರುವಾಗ ಪ್ರೇಮಾವತಿ ಎದುರಿಗೆ ಎರಡು ಪಾತ್ರೆ ಇಟ್ಟುಕೊಳ್ಳುತ್ತಿದ್ದಳು. ಒಂದರಲ್ಲಿ ಎಲೆ ನೆನೆಯುತ್ತಿತ್ತು, ಇನ್ನೊಂದರಲ್ಲಿ ಅವಳ ಕಾಲು.

"ಪಾತ್ರೆ ಅದಲುಬದಲು ಮಾಡ್ಬೇಡಿ ಪ್ರೇಮಕ್ಕ," ಎಂದು ನೆರೆಮನೆಯ ಸೈನಬ ನಗಾಡುತ್ತಿದ್ದಳು. "ಸೇದುವವರಿಗೆ ನಿಮ್ಮ ಅಂಗಾಲಿನ ರುಚಿ ಬಂದೀತು."

"ಬಂದರೆ ಒಳ್ಳೆಯದೇ. ಸೇದುವುದನ್ನೇ ಬಿಟ್ಟಾರು."

ಬೆಳುವಾಯಿಯಲ್ಲಿ ಅವಳ ಕಾಲಿನ ಸುದ್ದಿ ತಿಳಿಯದವರಿಲ್ಲ. ಉರಿ ಶುರುವಾದದ್ದು ಹದಿಮೂರನೆಯ ವಯಸ್ಸಿನಲ್ಲಿ. ನಾಲ್ಕು ಹೆಜ್ಜೆ ಬಿಸಿಲಿನಲ್ಲಿ ನಡೆದರೆ ಸಾಕು, ಚಪ್ಪಲಿಯೊಳಗೆ ಕೆಂಡ ಹಾಕಿದಂತೆ. ಪಾದಗಳು ಕುಂಕುಮದ ಬಣ್ಣಕ್ಕೆ ತಿರುಗುತ್ತಿದ್ದವು. ಗಾಯವಿಲ್ಲ, ಬೊಕ್ಕೆಯಿಲ್ಲ. ಮುಲಾಮು ಹಚ್ಚಿದರು, ಕಷಾಯ ಕುಡಿಸಿದರು, ಕೊನೆಗೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಾಗನ ನಡೆಯಲ್ಲಿ, ಅಂದರೆ ಕುಟುಂಬದ ನಾಗಬನದಲ್ಲಿ, ಏನೋ ತಪ್ಪಾಗಿದೆ ಎಂದು ಕಂಡಿತು. ಏನು ತಪ್ಪು, ಯಾರಿಂದ ಎಂದು ಹಿರಿಯರು ಮುಖ ಮುಖ ನೋಡಿಕೊಳ್ಳುವಾಗ, ಅಕ್ಕ ಶಶಿಪ್ರಭಾ ಬಾಯಿ ತೆರೆದಳು. ಹೊರಗಾದ ದಿನಗಳಲ್ಲಿ ಪ್ರೇಮ ನಾಗಬನದೊಳಗೆ ಹೋದದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದಳು. ಅವಳಿಗಾಗ ಹದಿನೇಳು.

ಅಂದಿನಿಂದ ವರ್ಷಕ್ಕೊಮ್ಮೆ ಕುಟುಂಬದ ಬನದಲ್ಲಿ ನಾಗನಿಗೆ ಹಾಲೆರೆಯುವ ಪೂಜೆ, ನಾಗತಂಬಿಲ, ನಡೆಯುವಾಗ ಪ್ರೇಮಾವತಿ ಕಲ್ಲಿನ ಕಟ್ಟೆಯ ಹೊರಗೆ ನಿಲ್ಲುತ್ತಿದ್ದಳು. ಎಲ್ಲರ ಎದುರು ಒಂದು ನಾಣ್ಯ ತಪ್ಪುಕಾಣಿಕೆ ಹಾಕಿ ಕೈಮುಗಿಯುತ್ತಿದ್ದಳು. ಇಪ್ಪತ್ತೈದು ವರ್ಷ. ಮೊದಮೊದಲು, ಹೋದ ನೆನಪೇ ತನಗಿಲ್ಲವಲ್ಲ ಎಂದು ಅಳುತ್ತಿದ್ದಳು. ಬರಬರುತ್ತಾ ನೆನಪು ತಾನಾಗಿ ಹುಟ್ಟಿಕೊಂಡಿತು: ಬನದೊಳಗಿನ ತಂಪು, ಕಾಲಡಿಯ ಒಣಎಲೆಯ ಸದ್ದು. ಈಗ ಯಾರು ಕೇಳಿದರೂ, ಹೌದು, ಹೋಗಿದ್ದೆ ಎನ್ನುತ್ತಿದ್ದಳು.

ಕಳೆದ ವರ್ಷ ಅವಳ ಮಗಳು ಸಾತ್ವಿಕಾ ಶಾಲೆಯ ಅಸೆಂಬ್ಲಿಯಲ್ಲಿ ಶೂ ಕಿತ್ತೆಸೆದು ನಳ್ಳಿಯ ಬಳಿಗೆ ಓಡಿದಳು. ಡ್ರಿಲ್ ಮಾಸ್ತರರು ನಾಟಕ ಎಂದರು. ಪ್ರೇಮಾವತಿಯ ತಾಯಿಯ ತಮ್ಮ, ಕುಟುಂಬದ ಯಜಮಾನ ಅಣ್ಣು ಮಾಮ ನಾಟಕ ಎನ್ನಲಿಲ್ಲ. "ತಾಯಿಯದ್ದು ಮಗಳಿಗೆ ಬಂತು. ಈ ಸಲದ ತಂಬಿಲಕ್ಕೆ ಅವಳೂ ತಪ್ಪುಕಾಣಿಕೆ ಹಾಕಲಿ," ಎಂದರು. ಗಂಡ ಕುವೈಟಿನ ಹೋಟೆಲಿನಲ್ಲಿ ಅಡಿಗೆಯವ. ಫೋನಿನಲ್ಲಿ, "ಹಿರಿಯರು ಹೇಳಿದ ಹಾಗೆ ಮಾಡು," ಎಂದ.

ತನಗಾದರೆ ಪ್ರೇಮಾವತಿ ಒಪ್ಪಿಕೊಂಡಿದ್ದಳು. ಮಗಳು ಕಟ್ಟೆಯ ಹೊರಗೆ ತಲೆತಗ್ಗಿಸಿ ನಿಲ್ಲುವುದನ್ನು ಮಾತ್ರ ಒಪ್ಪಲಾಗಲಿಲ್ಲ.

ಸೈನಬಳ ಮಾತು ಕೇಳಿ ಅವಳು ಮಗಳನ್ನು ಬಿ.ಸಿ.ರೋಡಿಗೆ ಕರೆದುಕೊಂಡು ಹೋದಳು. ಅಲ್ಲಿ ವಾರಕ್ಕೊಮ್ಮೆ ಬರುವ ನರರೋಗದ ಡಾಕ್ಟರ್ ವಸುಧಾ ಎರಡು ಜೋಡಿ ಪಾದಗಳನ್ನೂ ಮುಟ್ಟಿ ನೋಡಿದರು.

"ಏನು ಕೆಲಸ ಮಾಡ್ತೀರಿ?"

"ಬೀಡಿ."

"ಹಾಗಾದರೆ ಬ್ರಾಂಚಿನಲ್ಲಿ ಬೀಡಿ ಕೊಡಲು ಸಾಲು ನಿಂತು ಗೊತ್ತುಂಟಲ್ಲ? ಬೀಡಿ ಪರೀಕ್ಷೆ ಮಾಡುವ ಚೆಕ್ಕರ್ ಬಂದರು ಅಂತ ಮುಂದಿನವಳು ಹೇಳಿದರೆ ಸುದ್ದಿ ಹೇಗೆ ಹೋಗ್ತದೆ?"

"ಒಬ್ಬಳಿಂದ ಒಬ್ಬಳಿಗೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಲದವರೆಗೆ."

"ನರವೂ ಹಾಗೆ. ಅದರ ಗೋಡೆಯ ತುಂಬ ಸಣ್ಣ ಸಣ್ಣ ಬಾಗಿಲು. ಹೊರಗೆ ಸೋಡಿಯಂ ತುಂಬಿರ್ತದೆ, ನಮ್ಮ ಅಡಿಗೆ ಉಪ್ಪಿನಲ್ಲಿ ಇರುವಂಥದ್ದೇ. ಒಳಗಿನ ವಿದ್ಯುತ್ತು ಒಂದು ಮಟ್ಟಕ್ಕೆ ಏರಿದರೆ ಮಾತ್ರ ಬಾಗಿಲು ತೆರೀತದೆ, ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಪಕ್ಕದ ಬಾಗಿಲೂ ತೆರೀತದೆ, ಮತ್ತೆ ಅದರ ಪಕ್ಕದ್ದು. ಕಾಲಿನ ಸುದ್ದಿ ತಲೆಗೆ ಮುಟ್ಟುವುದು ಹೀಗೆ. ತೆರೆದ ಬಾಗಿಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ ಮುಚ್ಚಿಕೊಳ್ಳಬೇಕು. ಅದರದ್ದು ಅಷ್ಟೇ ಕೆಲಸ."

"ನಮ್ಮದು?"

"ನೋವಿನ ನರದಲ್ಲಿ ಒಂದು ಜಾತಿಯ ಬಾಗಿಲು ಉಂಟು. ನಿಮ್ಮಲ್ಲಿ ಅದು ಸಡಿಲ ಇರಬೇಕು. ಸ್ವಲ್ಪ ಬಿಸಿ ತಾಗಿದರೂ ತೆರೀತದೆ. ಚೆಕ್ಕರ್ ಬರಲಿಲ್ಲ, ಬೆಕ್ಕು ಬಂತು. ಆದರೂ ಸಾಲಿಡೀ ಬೊಬ್ಬೆ. ತಲೆಗೆ ಮುಟ್ಟುವ ಸುದ್ದಿ ಮಾತ್ರ ಬೆಂಕಿ ಅಂತಲೇ. ಹಾಗಾಗಿ ನೋವು ಸುಳ್ಳಲ್ಲ."

ನೋವು ಸುಳ್ಳಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪ್ರೇಮಾವತಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನನ್ನದೊಂದು ತಪ್ಪಿನಿಂದ ಬಂದದ್ದು ಡಾಕ್ಟ್ರೇ."

"ತಪ್ಪಿನಿಂದ ಬರುವುದಲ್ಲ ಇದು. ಹೆಚ್ಚಾಗಿ ತಾಯಿಯಿಂದಲೋ ತಂದೆಯಿಂದಲೋ ಬರ್ತದೆ. ಒಡಹುಟ್ಟಿದವರಿಗೂ ಇರಬಹುದು. ಕೇಳಿ ನೋಡಿ." ಇಬ್ಬರ ರಕ್ತ ತೆಗೆದುಕೊಂಡರು. ಆ ಬಾಗಿಲುಗಳನ್ನು ಹಿಡಿದಿಡುವ ಮಾತ್ರೆ ಉಂಟು, ಕೆಲವರಿಗೆ ನಾಟುತ್ತದೆ, ಕೆಲವರಿಗಿಲ್ಲ, ವರದಿ ಬಂದ ಮೇಲೆ ನೋಡುವ ಎಂದು ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಮರುದಿನವೇ ಪ್ರೇಮಾವತಿ ಅಳದಂಗಡಿಯ ಅಕ್ಕನ ಮನೆಗೆ ಹೊರಟಳು. ಶಶಿಪ್ರಭಾ ಮುಂಬಯಿಯಲ್ಲಿ ಹೋಟೆಲು ನಡೆಸಿದವರ ಮನೆಯ ಸೊಸೆ. ಊರಿಗೆ ಮರಳಿ ಹೊಸ ಮನೆ ಕಟ್ಟಿಸಿದ್ದರು. ಮಗ ಅಶ್ವಿತ್‌ನ ನಿಶ್ಚಿತಾರ್ಥ ಆಗಿತ್ತು. ಕೆಲಸದವಳು, "ಅಮ್ಮ ಒಳಗೆ ಮಲಗಿದ್ದಾರೆ," ಎಂದಳು. ತಂಗಿಯಲ್ಲವೇ, ಪ್ರೇಮಾವತಿ ಕೋಣೆಯ ಬಾಗಿಲು ದೂಡಿದಳು.

ಅಕ್ಕ ಮಲಗಿರಲಿಲ್ಲ. ಮಂಚದ ಅಂಚಿನಲ್ಲಿ ಕೂತಿದ್ದಳು. ನೆಲದಲ್ಲಿ ಮಡಚಿ ಹಾಸಿದ ಒದ್ದೆ ಬೈರಾಸು, ಅದರ ಮೇಲೆ ಪಾದಗಳು, ಪಾದಗಳಿಗೆ ತಿರುಗಿಸಿಟ್ಟ ಟೇಬಲ್ ಫ್ಯಾನು. ಪಾದಗಳು ಕುಂಕುಮದ ಬಣ್ಣ.

ಮೇಜಿನ ಮೇಲೆ ಮಾತ್ರೆಯ ಪಟ್ಟಿ ಇತ್ತು. ಪ್ರೇಮಾವತಿ ಪರ್ಸಿನಿಂದ ಚೀಟಿ ತೆಗೆದು ಅಕ್ಷರಕ್ಕೆ ಅಕ್ಷರ ಹಿಡಿದು ನೋಡಿದಳು. ಅದೇ.

"ಎಷ್ಟು ಸಮಯ ಆಯಿತು ಅಕ್ಕ?"

"ಮಾತ್ರೆಗೆ ಎಂಟು ವರ್ಷ." ಶಶಿಪ್ರಭಾ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಉರಿ ಹದಿನಾರರಿಂದ. ಅಮ್ಮನಿಗೂ ಇತ್ತು. ಅವಳೇ ಹೇಳಿದ್ದು, ಮದುವೆ ಆಗುವವರೆಗೆ ಬಾಯಿ ಬಿಡಬೇಡ ಅಂತ."

"ನನ್ನನ್ನು ಬನದಲ್ಲಿ ನೋಡಿದ್ದು?"

"ಎಲ್ಲರಿಗೂ ಒಂದು ಕಾರಣ ಬೇಕಿತ್ತು ಪ್ರೇಮ. ಕಾರಣ ಸಿಗದಿದ್ದರೆ ಮನೆಯ ಎಲ್ಲರ ಕಾಲು ನೋಡ್ತಿದ್ದರು. ನಾನು ನೋಡಿರಲಿಲ್ಲ. ನೀನು ಹೋಗಿಯೇ ಇರಲಿಲ್ಲ."

ಅಷ್ಟು ವರ್ಷ ಜೋಪಾನ ಮಾಡಿದ ತಂಪು, ಒಣಎಲೆಯ ಸದ್ದು, ಎಲ್ಲವೂ ಬೇರೆಯವರ ಬಾಯಿಂದ ಬಂದು ತನ್ನೊಳಗೆ ಬೇರು ಬಿಟ್ಟದ್ದು. ತನ್ನ ನೆನಪೂ ತನ್ನದಲ್ಲ. ಪ್ರೇಮಾವತಿಗೆ ಅಳು ಬರಲಿಲ್ಲ. ಅವಳು ಮಾತ್ರೆಯ ಎಂಟು ವರ್ಷವನ್ನು ಎಣಿಸಿದಳು. ಆ ಎಂಟು ದೀಪಾವಳಿಗೂ ಅಕ್ಕ ಸೀರೆ ತಂದಿದ್ದಳು, ತಿಂಡಿ ತಂದಿದ್ದಳು. ಮಾತ್ರೆಯ ಹೆಸರೊಂದನ್ನು ತಂದಿರಲಿಲ್ಲ.

"ನನ್ನದು ಹೋಗಲಿ. ಸಾತ್ವಿಕಾ ತಪ್ಪುಕಾಣಿಕೆ ಹಾಕುವ ಮೊದಲು ಅಣ್ಣು ಮಾಮನ ಹತ್ತಿರ ಒಂದು ಮಾತು ಹೇಳು."

"ಹೇಳ್ತೇನೆ." ಅಕ್ಕ ಅವಳ ಕೈ ಹಿಡಿದುಕೊಂಡಳು. "ತಂಬಿಲದ ದಿನ ನಾನೇ ಹೇಳ್ತೇನೆ. ಅಮ್ಮನ ಆಣೆ."

ವರದಿ ಬಂತು. ತಾಯಿ ಮಗಳಿಬ್ಬರಲ್ಲೂ ಒಂದೇ ಕಡೆ ಒಂದೇ ದೋಷ. ಅಣ್ಣು ಮಾಮ ಕನ್ನಡಕ ಹಾಕಿ ತಿರುಗಿಸಿ ನೋಡಿದರು. "ಕಾಗದವನ್ನು ನಾನು ಸುಳ್ಳು ಅನ್ನುವುದಿಲ್ಲ ಮಗಾ. ತಾಯಿಯಿಂದ ಬರುವಂಥದ್ದಾದರೆ ತೀರಿಹೋದ ನನ್ನ ಅಕ್ಕನಿಗೆ, ನಿನ್ನಮ್ಮನಿಗೆ, ಇರಬೇಕಿತ್ತು, ಶಶಿಗಾದರೂ ಇರಬೇಕಿತ್ತು. ಇಲ್ಲವಲ್ಲ? ಉಂಟು ಅಂತ ಶಶಿ ಹೇಳಲಿ. ಬನದ ಎದುರಿನಲ್ಲೇ ಮಾತು ಹಿಂದೆ ತೆಗೆದುಕೊಳ್ತೇನೆ."

ತಂಬಿಲದ ದಿನ ಹತ್ತು ಗಂಟೆಗೇ ಬಿಸಿಲು ಏರಿತ್ತು. ಬನದ ಎದುರು ಎಲ್ಲರೂ ಬರಿಗಾಲು. ಅಶ್ವಿತ್‌ನ ಭಾವೀ ಅತ್ತೆ ಮಾವನೂ ಬಂದಿದ್ದರು. ಅವರ ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ಶಶಿಪ್ರಭಾ. ಸೀರೆಯ ಅಂಚು ನೆಲ ಗುಡಿಸುತ್ತಿತ್ತು. ಅದರೊಳಗೆ ಏನಾಗುತ್ತಿದೆ ಎಂಬುದು ಅಲ್ಲಿದ್ದವರಲ್ಲಿ ಪ್ರೇಮಾವತಿಗೊಬ್ಬಳಿಗೇ ಗೊತ್ತಿತ್ತು. ಅಕ್ಕನ ಮುಖದಲ್ಲಿ ನಗು ಅಲುಗಲಿಲ್ಲ.

ಭಟ್ಟರು ಹಾಲೆರೆದು, ಅರಶಿನ ಪ್ರಸಾದ ಕೊಟ್ಟರು. ಅಣ್ಣು ಮಾಮ ಕಾಣಿಕೆಯ ಹರಿವಾಣ ಹಿಡಿದು ಕಟ್ಟೆಯ ಹೊರಗೆ ಬಂದರು. ಒದ್ದೆ ಬಟ್ಟೆ ಸುತ್ತಿದ ಕಾಲಿನಲ್ಲಿ ಸಾತ್ವಿಕಾ ತಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಶಶಿ," ಎಂದರು ಮಾಮ, "ಪ್ರೇಮ ಏನೋ ಹೇಳ್ತಾಳೆ. ಅಮ್ಮನಿಗೆ ಈ ಉರಿ ಇತ್ತಾ? ನಿನಗೆ ಉಂಟಾ?"

ಶಶಿಪ್ರಭಾ ಒಮ್ಮೆ ಬೀಗರ ಕಡೆ ನೋಡಿದಳು.

"ನನಗೆಂಥದ್ದು ಮಾಮ? ಗಟ್ಟಿ ಕಲ್ಲಿನ ಹಾಗೆ ಇದ್ದೇನಲ್ಲ. ಅಮ್ಮನಿಗೂ ಇದ್ದ ಹಾಗೆ ನೆನಪಿಲ್ಲ."

ಆಮೇಲೆ, ಯಾರೂ ಕೇಳದೆಯೇ, ಅವಳು ತನ್ನ ಪರ್ಸು ತೆರೆದಳು. "ಮಗು ಯಾಕೆ ಅಳಬೇಕು? ದೊಡ್ಡಮ್ಮ ಇಲ್ವಾ?" ಎನ್ನುತ್ತಾ ಸಾತ್ವಿಕಾಳ ತಲೆ ಸವರಿ, ಅವಳ ಹೆಸರು ಹೇಳಿ, ಒಂದು ನಾಣ್ಯವನ್ನು ಹರಿವಾಣಕ್ಕೆ ಹಾಕಿದಳು.

"ದೊಡ್ಡಮ್ಮ ಅಂದರೆ ಹೀಗಿರಬೇಕು," ಎಂದರು ಬೀಗಿತ್ತಿ.

ಅಕ್ಕನ ಸೀರೆಯ ಅಂಚನ್ನು ಒಂದು ಗೇಣು ಎತ್ತಿದರೆ ಸಾಕಿತ್ತು. ಅಶ್ವಿತ್‌ನನ್ನು ಮದುವೆಯಾಗಲಿದ್ದ ಹುಡುಗಿ ದೂರದಲ್ಲಿ ಮಕ್ಕಳಿಗೆ ಬಾಳೆಹಣ್ಣು ಹಂಚುತ್ತಿದ್ದಳು. ಪ್ರೇಮಾವತಿಯ ಕೈ ಸೀರೆಯ ಕಡೆಗೆ ಹೋಗಲಿಲ್ಲ. ಹರಿವಾಣಕ್ಕೆ ಹೋಯಿತು. ಹಾಕಿದ ಕಾಣಿಕೆಯನ್ನು ಆ ಕುಟುಂಬದಲ್ಲಿ ಯಾರೂ ಮರಳಿ ಮುಟ್ಟಿದ್ದಿಲ್ಲ. ಅವಳು ಆ ನಾಣ್ಯವನ್ನು ಹೆಕ್ಕಿದಳು.

"ಏಯ್, ಏನು ಮಾಡ್ತಿ!" ಎಂದರು ಮಾಮ.

"ನನ್ನ ಮಗಳು ತಪ್ಪು ಮಾಡಲಿಲ್ಲ ಮಾಮ. ನಾನೂ ಮಾಡಿರಲಿಲ್ಲ." ಅವಳು ಅಕ್ಕನ ಅಂಗೈ ಬಿಡಿಸಿ, ನಾಣ್ಯವಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. "ಇದು ನಿನ್ನದು ಅಕ್ಕ. ಹಾಕುವುದಾದರೆ ನಿನ್ನ ಹೆಸರು ಹೇಳಿ ಹಾಕು."

ಶಶಿಪ್ರಭಾ ಮುಷ್ಟಿ ಬಿಗಿಹಿಡಿದು ನಿಂತಳು. ಹಾಕಲೂ ಇಲ್ಲ, ಬಿಡಲೂ ಇಲ್ಲ. ಪ್ರೇಮಾವತಿ ಮಗಳನ್ನು ಸೊಂಟಕ್ಕೆ ಎತ್ತಿಕೊಂಡಳು. ಹದಿಮೂರರ ಹುಡುಗಿ, ಭಾರವಿದ್ದಳು. ಕಾದ ಮಣ್ಣಿನಲ್ಲಿ ಹದಿನೈದು ಹೆಜ್ಜೆ ಹೋಗುವುದರೊಳಗೆ ತಾಯಿಯ ಪಾದಗಳಿಗೆ ಬೆಂಕಿ ಹತ್ತಿತು. ಅವಳು ನಿಲ್ಲಲಿಲ್ಲ.